ಪ್ಯಾಸೆಂಜರ್ ಗೌರಮ್ಮನ ಆರು ನಿಮಿಷ

ಮರ ಹತ್ತಿ ಕಾಯಿ ಕೆಡವುವವನಿಗೆ ಮರಕ್ಕೆ ನಲವತ್ತು ರೂಪಾಯಿ. ಸುಲಿಯುವವನಿಗೆ ಕಾಯಿಗೆ ಒಂದು ರೂಪಾಯಿ, ಮಧ್ಯಾಹ್ನದ ಊಟ ತೋಟದವರದೇ. ಹಸು ಮೇವು ಬಿಟ್ಟರೆ ದನದ ಡಾಕ್ಟರು ಮನೆಗೆ ಬಂದು ನೋಡಲು ಐನೂರು. ಬೋರ್‌ವೆಲ್ ಮೋಟಾರ್ ಸುಟ್ಟರೆ ಎಂಟು ಸಾವಿರ. ಇವೆಲ್ಲಕ್ಕೂ ನಂಜುಂಡಪ್ಪ ಅವತ್ತಿಂದವತ್ತೇ ಹಣ ತೆಗೆದಿದ್ದಾನೆ. ಹೆಂಡತಿಗೆ ಏದುಸಿರು ಬರುತ್ತದೆ ಎಂದಾಗ ಮಾತ್ರ ಮೂಲೆಯಂಗಡಿಯಿಂದ ಒಂದು ಶೀಟು ಗ್ಯಾಸ್ಟ್ರಿಕ್ ಮಾತ್ರೆ ತಂದುಕೊಟ್ಟು ಸುಮ್ಮನಾದ.

ಅವಳಿಗೆ ಬೇಕಾಗಿದ್ದ ಪರೀಕ್ಷೆಗೆ ಒಂದು ಪೈಸೆ ಖರ್ಚಿರಲಿಲ್ಲ. ಆರು ನಿಮಿಷ ನಡೆಯುವುದು, ಅಷ್ಟೇ. ಆ ಆರು ನಿಮಿಷ ಅವಳ ಪಾಲಿಗೆ ಬರಲು ಮೂರು ವರ್ಷ ಹಿಡಿಯಿತು. ಕೋಪ ಬರದೆ ಇನ್ನೇನು ಬರಬೇಕು?

ಊರು ದಂಡಿನಶಿವರದಿಂದ ಒಳಗೆ, ತೆಂಗಿನ ತೋಟಗಳ ನಡುವೆ. ನಂಜುಂಡಪ್ಪನ ಮನೆಯಿಂದ ತೋಟ ದೂರವೇನಲ್ಲ. ಒಂದು ನೇರ ಬೀದಿ, ಬೀದಿ ಮುಗಿದ ಮೇಲೆ ಸ್ವಲ್ಪ ಏರು. ಅವನ ಹೆಂಡತಿ ಚಿಕ್ಕಗೌರಮ್ಮನನ್ನು ಎಲ್ಲರೂ ಕರೆಯುವುದು ಗೌರಮ್ಮ ಎಂದೇ. ವಯಸ್ಸು ಐವತ್ತೈದರ ಹತ್ತಿರ. ತಲೆಯ ಮೇಲೆ ಊಟದ ಕುಕ್ಕೆ ಹೊತ್ತು ತೋಟಕ್ಕೆ ಹೊರಟಳೆಂದರೆ ನಾಲ್ಕು ಮನೆಗೊಮ್ಮೆ ನಿಲ್ಲುವಳು.

"ಏನ್ ಸಾರು ಮಾಡಿದ್ರಿ ಇವತ್ತು?"

"ನಿಮ್ಮೆಮ್ಮೆ ಈದದಂತೆ, ಹೆಣ್ಗರನೋ ಗಂಡ್ಗರನೋ?"

ಆ ಮನೆಯವರು ಎಮ್ಮೆಯ ಕಥೆಯನ್ನೆಲ್ಲ ಹೇಳುವರು. ಗೌರಮ್ಮ ಕಂಬಕ್ಕೆ ಒರಗಿ ಕೇಳುವಳು. ಆಮೇಲೆ ಮತ್ತೆ ನಾಲ್ಕು ಮನೆ, ಮತ್ತೊಂದು ಪ್ರಶ್ನೆ.

ಅರಸೀಕೆರೆ ಕಡೆಗೆ ಹೋಗುವ ಪ್ಯಾಸೆಂಜರ್ ರೈಲು ಕಂಡಕಂಡ ಸ್ಟೇಷನ್ನಿನಲ್ಲೆಲ್ಲ ನಿಲ್ಲುತ್ತದಲ್ಲ, ಹಾಗೆ. 'ಪ್ಯಾಸೆಂಜರ್ ಗೌರಮ್ಮ' ಎಂದು ಹೆಸರಿಟ್ಟವರು ಬೇರೆ ಯಾರೂ ಅಲ್ಲ, ಅವಳ ಗಂಡನೇ. ಟೀ ಅಂಗಡಿಯಲ್ಲಿ ಒಂದು ದಿನ ತಮಾಷೆಗೆ ಅಂದ. ಊರು ಬಿಟ್ಟೀತೇ? ಅವಳು ಬೀದಿಗೆ ಬಂದರೆ ಮಕ್ಕಳು 'ಕೂ' ಎಂದು ಕೂಗುವಷ್ಟಕ್ಕೆ ಹೋಯಿತು.

ಆ ದಿನ ತೋಟದಲ್ಲಿ ಕಾಯಿ ಸುಲಿಯುವ ಆಳುಗಳಿದ್ದರು. ಊಟದ ಹೊತ್ತು ಮೀರಿತ್ತು. ಗೌರಮ್ಮ ಏರು ಹತ್ತಿ ಬಂದು ಕುಕ್ಕೆ ಇಳಿಸುವಾಗ ಬಾಯಲ್ಲಿ ಮಾತೇ ಹೊರಡುತ್ತಿರಲಿಲ್ಲ.

"ಬಂತಾ ಗಾಡಿ?" ಎಂದ ನಂಜುಂಡಪ್ಪ. "ಇಷ್ಟೊತ್ತೂ ಸಿಗ್ನಲ್ ಸಿಕ್ಲಿಲ್ವಾ?"

ಆಳುಗಳು ನಕ್ಕರು. ಅವರಲ್ಲಿ ಹಿರಿಯ ಭೀಮರಾಜು ಮಾತ್ರ, "ಬುಡ್ರಣ್ಣ, ಪಾಪ, ಬಿಸ್ಲು" ಎಂದ.

ಗೌರಮ್ಮ ಸುಧಾರಿಸಿಕೊಂಡು, "ಎದೆ ಹಿಡ್ಕಂಡಂಗಾಯ್ತು ಕಣ್ರೀ" ಎಂದಳು.

"ಎದೆ ಅಲ್ಲ ಕಣೇ, ನಾಲ್ಗೆ ಹಿಡ್ಕಂಡಿರ್ಬೇಕು. ಬೀದೀಲಿ ಅಷ್ಟು ಮಾತಾಡಿದ್ರೆ ಇನ್ನೇನಾಯ್ತದೆ?"

ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಸಂಜೆ ನಂಜುಂಡಪ್ಪ ಬೀದಿಯ ಮನೆಮನೆಗೂ ಹೋದ. "ನಾಳೆಯಿಂದ ನಮ್ಮೋಳು ಊಟ ತಗಂಡ್ ಬಂದ್ರೆ ಯಾರೂ ಮಾತಿಗೆ ನಿಲ್ಲಿಸ್ಕಬೇಡಿ. ಅವಳಾಗೇ ಮಾತಾಡ್ಸಿದ್ರೂ ಮುಖ ತಿರುಗಿಸ್ಕಳಿ. ಗಾಡಿ ಎಕ್ಸ್‌ಪ್ರೆಸ್ ಆಗ್ಲಿ" ಎಂದು ಹೇಳಿಬಂದ. ಜನ ನಕ್ಕು ಒಪ್ಪಿಕೊಂಡರು. ಒಬ್ಬರಾದರೂ 'ಯಾಕಪ್ಪ?' ಎಂದು ಕೇಳಲಿಲ್ಲ. ಅದಕ್ಕೇ ಹೇಳುವುದು, ನನ್ನ ಈ ಕೋಪ ನಂಜುಂಡಪ್ಪ ಒಬ್ಬನ ಮೇಲಿನದಲ್ಲ.

ಮರುದಿನ ಗೌರಮ್ಮ ಮೊದಲ ಮನೆಯ ಮುಂದೆ ನಿಂತು, "ಏನ್ ಸಾರು?" ಎಂದಳು. ಮನೆಯಾಕೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ನಾಲ್ಕು ಮನೆ ಆಚೆ ಜಗಲಿಯಲ್ಲಿ ಕೂತು ತೆಂಗಿನ ಗರಿ ಸೀಳಿ ಪೊರಕೆ ಕಡ್ಡಿ ತೆಗೆಯುತ್ತಿದ್ದವಳು ತಲೆಯನ್ನೇ ಎತ್ತಲಿಲ್ಲ. ಮಾತಿಲ್ಲದೆ ಇನ್ನೊಬ್ಬರ ಮನೆ ಮುಂದೆ ಸುಮ್ಮನೆ ನಿಂತರೆ ಏನಂದುಕೊಂಡಾರು? ಗೌರಮ್ಮ ನಿಲ್ಲಲಿಲ್ಲ. ನಡೆದಳು. ಎಲ್ಲಿಯೂ ನಿಲ್ಲದೆ ಬೀದಿಯ ಕೊನೆಯವರೆಗೂ ನಡೆದಳು.

ಕೊನೆಯ ಮನೆ ಹುಚ್ಚಕ್ಕನದು. ಎಪ್ಪತ್ತು ದಾಟಿದ ಹೆಂಗಸು. ನಂಜುಂಡಪ್ಪ ಆ ಮನೆಯೊಂದಕ್ಕೆ ಮಾತ್ರ ಹೋಗಿರಲಿಲ್ಲ, ಅವಳ ಬಾಯಿಗೆ ಹೆದರಿ. ಹುಚ್ಚಕ್ಕ ಹೊರಗೆ ಬಂದು ನೋಡಿದರೆ ಗೌರಮ್ಮ ಜಗಲಿಯ ಮೇಲೆ ಮಂಡಿಗೆ ಕೈ ಊರಿ ಮುಂದಕ್ಕೆ ಬಾಗಿ ಕೂತಿದ್ದಾಳೆ. ತುಟಿ ಕಪ್ಪಿಟ್ಟಿದೆ. ಕುಕ್ಕೆ ಉರುಳಿ ಮುದ್ದೆಯೆಲ್ಲ ಮಣ್ಣಾಗಿದೆ.

"ಏನಾಯ್ತೇ ಗೌರಿ?"

ಗೌರಮ್ಮ ತಾಳು ಎಂಬಂತೆ ಕೈ ಎತ್ತಿದಳು. ಹುಚ್ಚಕ್ಕ ಬೆನ್ನು ನೀವುತ್ತ ಕೂತಳು. ಎದೆಯೊಳಗೆ ಸುಂಯ್ ಎಂದು ಸಿಳ್ಳೆ ಹೊಡೆದಂಥ ಸದ್ದು. ಬಹಳ ಹೊತ್ತಿನ ಮೇಲೆ ಗೌರಮ್ಮನಿಗೆ ಮಾತು ಬಂತು.

"ಇವತ್ತು ಯಾರೂ ಮಾತಾಡ್ಲಿಲ್ಲ ಕಣಕ್ಕ."

"ಒಂದಿನ ಮಾತಾಡ್ದಿದ್ರೆ ಸತ್ತೋಯ್ತೀಯೇನೇ?"

"ಅವ್ರು ಮಾತಾಡ್ತಾ ಇದ್ರೆ... ನಾನು ಉಸ್ರು ತಗತಿದ್ದೆ."

ಹುಚ್ಚಕ್ಕನ ಕೈ ಅಲ್ಲೇ ನಿಂತಿತು. ಇಷ್ಟು ವರ್ಷದಲ್ಲಿ ಗೌರಮ್ಮ ಒಂದು ಸುದ್ದಿಯನ್ನಾದರೂ ಹೇಳಿದ್ದುಂಟೇ? ಇಲ್ಲ. ಕೇಳುವಳು, ಅಷ್ಟೇ. ಉತ್ತರ ಉದ್ದವಾಗುವಂಥದ್ದನ್ನೇ ನೋಡಿ ಕೇಳುವಳು. ಊರಿನ ಸುದ್ದಿಯೆಲ್ಲ ಅವಳಿಗೆ ಗೊತ್ತಿತ್ತು. ಅವಳ ಸುದ್ದಿ ಊರಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಗೌರಮ್ಮನನ್ನು ಗೋಡೆಗೆ ಒರಗಿಸಿ, ಬರಿಯ ಕುಕ್ಕೆ ಎತ್ತಿಕೊಂಡು ಹುಚ್ಚಕ್ಕ ಏರು ಹತ್ತಿದಳು. ಕುಕ್ಕೆಯನ್ನು ನಂಜುಂಡಪ್ಪನ ಮುಂದೆ ಕುಕ್ಕಿದಳು.

"ತಗಳಲಾ. ನಿನ್ನ ಎಕ್ಸ್‌ಪ್ರೆಸ್ ಗಾಡಿ ನನ್ ಜಗ್ಲಿ ಮೇಲೆ ಬಿದ್ದದೆ."

"ಏನಾಯ್ತಕ್ಕ? ಗ್ಯಾಸೇ ಇರ್ಬೇಕು. ಮಾತ್ರೆ ಐತೆ ಮನೇಲಿ."

"ಗ್ಯಾಸು ಅಂತ ಯಾವ ಡಾಕ್ಟ್ರು ಹೇಳಿದ್ದು?"

"ಅದಕ್ಕ್ಯಾಕೆ ಡಾಕ್ಟ್ರು? ಮೂವತ್ತು ವರ್ಷ ಸಂಸಾರ ಮಾಡಿದೀನಿ, ನಂಗೊತ್ತಾಗಲ್ವಾ?"

"ಗೊತ್ತಾಯ್ತದೆ, ಗೊತ್ತಾಯ್ತದೆ! ಅಟ್ಟದ್ ಮೇಲಿರೋ ಕಾಯ್ನ ಒಂದೊಂದ್ನೂ ಕಿವಿ ಹತ್ರ ಹಿಡ್ಕಂಡು ಅಲ್ಲಾಡ್ಸಿ ನೋಡ್ತೀಯ. ನೀರು ಬತ್ತೋಗ್ಯದಾ, ಕೊಬ್ರಿ ಚಿಪ್ಪು ಬುಟ್ಟದಾ ಅಂತ ಒಡೀದೇನೇ ಹೇಳ್ತೀಯ. ಒಂದಿನಾನಾದ್ರೂ ಹೆಂಡ್ತಿ ಎದೆ ಸದ್ದು ಕೇಳಿದೀಯೇನ್ಲಾ? ನನ್ನಂಥ ಅರೆಗಿವುಡಿಗೇ ಕೇಳ್ತು! ಎದ್ದು ಬಾ, ಆಟೋ ತರ್ಸು."

ನಂಜುಂಡಪ್ಪ ಆಳುಗಳ ಕಡೆ ನೋಡಿದ. ಈ ಸಲ ಯಾರೂ ನಗಲಿಲ್ಲ.

ಹೋಬಳಿ ಆಸ್ಪತ್ರೆಯಲ್ಲಿ ಡಾಕ್ಟರು ಬಿಪಿ ನೋಡಿದರು, ಇಸಿಜಿ ತೆಗೆದರು, ರಕ್ತ ಪರೀಕ್ಷೆ ಮಾಡಿಸಿದರು. ಬೆರಳಿಗೆ ಕ್ಲಿಪ್ ಹಾಕಿ ರಕ್ತದಲ್ಲಿನ ಆಕ್ಸಿಜನ್ ನೋಡಿದರು. ಅಷ್ಟು ಹೊತ್ತಿಗೆ ಗೌರಮ್ಮ ಸುಧಾರಿಸಿಕೊಂಡು ಕೂತಿದ್ದಳು. ಯಾವುದರಲ್ಲೂ ದೊಡ್ಡ ಏರುಪೇರು ಕಾಣಲಿಲ್ಲ.

"ನೋಡ್ದಾ ಹುಚ್ಚಕ್ಕ, ಎಲ್ಲಾ ಸರಿಯಾಗೈತೆ!" ನಂಜುಂಡಪ್ಪನ ಧ್ವನಿ ಮತ್ತೆ ದೊಡ್ಡದಾಯಿತು.

"ಕೂತಿರೋವಾಗ ಸರಿಯಾಗಿದೆ" ಎಂದರು ಡಾಕ್ಟರು. "ಇವ್ರಿಗೆ ತೊಂದ್ರೆ ಬರೋದು ನಡೆಯೋವಾಗ. ಎರಡು ದಿನ ವಿಶ್ರಾಂತಿ ತಗೊಂಡು ಬರ್ಲಿ. ಇಲ್ಲೇ ಅಂಗಳದಲ್ಲಿ ನಡೆಸಿ ನೋಡೋಣ."

ನಡೆಸಿ ನೋಡಬೇಕಾದವಳು ನರ್ಸ್ ಸುಷ್ಮಿತಾ. ಅವಳೇ ಊರಿನ ಆರೋಗ್ಯ ಉಪಕೇಂದ್ರಕ್ಕೂ ಬರುವವಳು. ಗೌರಮ್ಮ ಹಿಂದೆ ಎರಡು ಸಲ ಅವಳ ಹತ್ತಿರ ಹೋಗಿದ್ದಳು, ಗಂಡನ ಜೊತೆ. 'ಏನ್ ತೊಂದ್ರೆ?' ಎಂದಾಗಲೆಲ್ಲ ಉತ್ತರ ಕೊಟ್ಟದ್ದು ಗಂಡ. 'ಗ್ಯಾಸು ಸಿಸ್ಟರೇ.' ಕೊಟ್ಟದ್ದು ಗ್ಯಾಸಿನ ಮಾತ್ರೆ.

ಪರೀಕ್ಷೆಯ ದಿನ ಹುಚ್ಚಕ್ಕ ಅವಳನ್ನೂ ಬಿಡಲಿಲ್ಲ. "ಕಾಯಿಲೆ ಇವ್ಳಿಗೆ, ಬಾಯಿ ಅವನ್ದು. ಓದ್ದೋಳು ನೀನು, ಅಷ್ಟೂ ಗೊತ್ತಾಗ್ಲಿಲ್ವೇನವ್ವ?"

"ಇವ್ರನ್ನೇ ಕೇಳ್ಬೇಕಿತ್ತು ಅಜ್ಜಿ. ಕೇಳ್ಲಿಲ್ಲ, ತಪ್ಪಾಯ್ತು" ಎಂದಳು ಸುಷ್ಮಿತಾ. ಆಮೇಲೆ ಟೇಪು ಹಿಡಿದು ಅಂಗಳದ ಸಮತಟ್ಟಾದ ಕಡೆ ಮೂವತ್ತು ಮೀಟರ್ ಅಳೆದು, ಎರಡು ತುದಿಗೂ ಒಂದೊಂದು ಸ್ಟೂಲು ಇಟ್ಟಳು.

ನಂಜುಂಡಪ್ಪ ಸೊಂಟಕ್ಕೆ ಕೈ ಕೊಟ್ಟು ನಿಂತು ನೋಡುತ್ತಿದ್ದ. "ನಡಿಯೋದೂ ಒಂದು ಪರೀಕ್ಷೆನಾ ಸಿಸ್ಟರೇ? ಹುಟ್ದಾಗಿಂದ ನಡೀತಾನೇ ಇದೀವಿ. ಸ್ಕ್ಯಾನು ಗೀನು ಮಾಡ್ಸಿ, ದುಡ್ಡು ಕೊಡ್ತೀನಿ."

"ನಿಮ್ ಮೋಟಾರ್ ರಿಪೇರಿ ಆದ್ಮೇಲೆ ನೆಲದ್ ಮೇಲಿಟ್ಟು ತಿರುಗ್ಸಿ ನೋಡಿ ದುಡ್ಡು ಕೊಟ್ಬಿಡ್ತೀರಾ, ನಂಜುಂಡಪ್ಪೋರೇ?"

"ಅದೆಂಗಾಯ್ತದೆ? ನೀರೆತ್ತಿ ತೋರ್ಸು ಅಂತೀನಿ."

"ಇದೂ ಅಷ್ಟೇ. ಕೂತಿದ್ರೆ ಎದೆಗೆ ಕೆಲಸ ಕಮ್ಮಿ. ನಡೆದ್ರೆ ಕಾಲಿಗೆ ರಕ್ತ ಬೇಕು, ರಕ್ತಕ್ಕೆ ಗಾಳಿ ಬೇಕು. ಹೃದಯ, ಶ್ವಾಸಕೋಶ ಎರಡೂ ದುಡೀಬೇಕು. ಆರು ನಿಮಿಷದಲ್ಲಿ ಎಷ್ಟು ದೂರ ಹೋಗ್ತಾರೆ, ಹೋಗೋವಾಗ ಆಕ್ಸಿಜನ್ ಇಳೀತದಾ, ಎಷ್ಟು ಏದುಸಿರು ಬರ್ತದೆ, ಅದನ್ನ ನೋಡ್ತೀವಿ."

ಸುಷ್ಮಿತಾ ಗೌರಮ್ಮನ ಕಡೆ ತಿರುಗಿದಳು.

"ಅಮ್ಮ, ಓಡಂಗಿಲ್ಲ. ನಿಮ್ಮ ಕೈಲಾದಷ್ಟು ಬಿರುಸಾಗಿ ನಡೀರಿ, ಈ ಸ್ಟೂಲಿಂದ ಆ ಸ್ಟೂಲಿಗೆ, ಮತ್ತೆ ವಾಪಸ್ಸು. ಸುಸ್ತಾದ್ರೆ ನಿಂತ್ಕೊಳ್ಳಿ, ಸುಧಾರಿಸ್ಕೊಂಡು ಮತ್ತೆ ನಡೀರಿ. ಗಡಿಯಾರ ಮಾತ್ರ ಓಡ್ತಾನೇ ಇರ್ತದೆ. ಎದೆನೋವು ಬಂದ್ರೆ, ತಲೆ ಸುತ್ತಿದ್ರೆ ಕೈ ಎತ್ತಿ, ಅಲ್ಲಿಗೇ ನಿಲ್ಲಿಸ್ತೀವಿ. ಡಾಕ್ಟ್ರು ಒಳಗೇ ಇದಾರೆ. ನಡೆಯೋವಾಗ ಮಾತಾಡ್ಬಾರ್ದು."

ಗೌರಮ್ಮನ ಮುಖ ಸಣ್ಣದಾಯಿತು. "ಮಾತಾಡ್ಬಾರ್ದಾ? ಹಂಗಾದ್ರೆ ನಿಂತ್ಕಳದೆಂಗೆ?"

ಸುಷ್ಮಿತಾಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವಳು ಗೌರಮ್ಮನ ಎರಡೂ ಕೈ ಹಿಡಿದುಕೊಂಡಳು. "ಸುಮ್ನೆ ನಿಂತ್ಕೊಳ್ಳಿ ಅಮ್ಮ. ಇಲ್ಲಿ ನಿಲ್ಲೋಕೆ ಯಾವ ನೆಪಾನೂ ಬೇಡ."

ಗೌರಮ್ಮ ನಡೆದಳು. ನಂಜುಂಡಪ್ಪ ಪಕ್ಕದಲ್ಲೇ ಹೆಜ್ಜೆ ಹಾಕುತ್ತ, "ಜೋರಾಗ್ ನಡಿಯೇ, ಇನ್ನೂ ಜೋರು, ಮಾನ ಉಳ್ಸು" ಎಂದು ಶುರುಮಾಡಿದ. ಸುಷ್ಮಿತಾ ಅವನ ತೋಳು ಹಿಡಿದು ಬೆಂಚಿನ ಮೇಲೆ ಕೂರಿಸಿದಳು. "ಇದು ಪಂದ್ಯ ಅಲ್ಲ. ಜೊತೆಗೆ ಯಾರಾದ್ರೂ ನಡೆದ್ರೆ ಅವರ ವೇಗಕ್ಕೆ ಇವರು ಬೀಳ್ತಾರೆ, ಲೆಕ್ಕ ತಪ್ತದೆ. ಕೂತ್ಕೊಂಡು ನೋಡಿ. ಸುಮ್ನೆ ನೋಡಿ."

ಮೊದಲ ಸುತ್ತುಗಳು ಚೆನ್ನಾಗಿಯೇ ಹೋದವು. "ಎಷ್ಟು ಚೆನ್ನಾಗ್ ನಡೀತವ್ಳೆ!" ಎಂದು ಅವನು ಹುಚ್ಚಕ್ಕನನ್ನು ತಿವಿದ. ಆಮೇಲೆ ಹೆಜ್ಜೆ ಗಿಡ್ಡವಾಯಿತು. ಆಮೇಲೆ ಗೌರಮ್ಮ ಗೋಡೆಗೆ ಕೈಯೂರಿ ನಿಂತಳು.

ಎದುರಿಗೆ ಯಾರೂ ಇರಲಿಲ್ಲ. ಸಾರು ಏನೆಂದು ಕೇಳುವಂತಿರಲಿಲ್ಲ, ಎಮ್ಮೆಯ ಸುದ್ದಿ ಇರಲಿಲ್ಲ. ಭುಜ ಎರಡೂ ಮೇಲಕ್ಕೇರಿ ಇಳಿಯುತ್ತಿದ್ದವು. ಕತ್ತಿನ ಕೆಳಗಿನ ಗುಳಿ ಪ್ರತಿ ಉಸಿರಿಗೂ ಒಳಕ್ಕೆ ಎಳೆಯುತ್ತಿತ್ತು. ಮೂರು ವರ್ಷದಿಂದ ದಿನವೂ ನಡೆದದ್ದು ಇದೇ. ನಂಜುಂಡಪ್ಪ ಅದನ್ನು ನೋಡಿದ್ದು ಅಂದೇ ಮೊದಲು. ಅವನು ಏನೋ ಹೇಳಲು ಬಾಯಿ ತೆರೆದ. ಹುಚ್ಚಕ್ಕ, "ಮುಚ್ಕಂಡು ನೋಡು" ಎಂದಳು.

ಗೌರಮ್ಮ ಮತ್ತೆ ನಡೆದಳು, ಮತ್ತೆ ನಿಂತಳು, ಮತ್ತೆ ನಡೆದಳು. ಸಮಯ ಮುಗಿದಾಗ ಇನ್ನೂರ ನಲವತ್ತು ಮೀಟರ್ ಆಗಿತ್ತು. ಕೂತಿದ್ದಾಗ ತೊಂಬತ್ತೈದು ಇದ್ದ ಆಕ್ಸಿಜನ್ ಎಂಬತ್ತಾರಕ್ಕೆ ಇಳಿದಿತ್ತು. ಸುಷ್ಮಿತಾ ಓಡಿಹೋಗಿ ಡಾಕ್ಟರನ್ನು ಕರೆದಳು.

"ಕಮ್ಮಿನಾ ಸಾರ್?" ನಂಜುಂಡಪ್ಪನ ಧ್ವನಿ ಈಗ ಚಿಕ್ಕದಾಗಿತ್ತು.

"ಕಮ್ಮಿ. ಎತ್ತರ, ತೂಕ, ವಯಸ್ಸು ನೋಡಿ ಲೆಕ್ಕ ಬೇರೆಬೇರೆ. ಆದ್ರೆ ಈ ವಯಸ್ಸಿನ ಗಟ್ಟಿಮುಟ್ಟಾದ ಹೆಂಗಸರು ಸಾಮಾನ್ಯವಾಗಿ ನಾನೂರು ಮೀಟರ್ ದಾಟ್ತಾರೆ. ಇದು ಯಾವ ರೋಗ ಅಂತ ಈ ಪರೀಕ್ಷೆ ಹೇಳಲ್ಲ. ಇವ್ರ ಎದೆ ಎಷ್ಟು ತಡೀತದೆ ಅನ್ನೋದನ್ನ ಹೇಳ್ತದೆ. ಕಾರಣ ಹುಡುಕೋಕೆ ತುಮಕೂರಿಗೆ ಬರ್ಕೊಡ್ತೀನಿ. ನಾಳೆಯೇ ಹೋಗಿ."

"ಮನೆಯಿಂದ ನಮ್ ತೋಟ ಎಷ್ಟು ದೂರ ಆಗ್ಬೋದು?" ಎಂದು ನಂಜುಂಡಪ್ಪ ತನ್ನನ್ನೇ ಕೇಳಿಕೊಳ್ಳುವವನಂತೆ ಕೇಳಿದ.

"ಇದರ ಎರಡ್ರಷ್ಟು" ಎಂದಳು ಹುಚ್ಚಕ್ಕ. "ತಲೆ ಮೇಲೆ ನಿನ್ ಊಟ ಬೇರೆ."

ಗೌರಮ್ಮ ಬೆಂಚಿನ ಮೇಲೆ ಕೂತು ಗಂಡನನ್ನೇ ನೋಡುತ್ತಿದ್ದಳು. ಅವನು ನೀರಿನ ಬಾಟಲಿ ಹಿಡಿದು ಹತ್ತಿರ ಬಂದ. ಅವಳು ಬಾಟಲಿ ತೆಗೆದುಕೊಂಡು ಹೇಳಿದಳು: "ಈಗ ಉಸ್ರಿಲ್ಲ. ಉಸ್ರು ಬರ್ಲಿ. ಬೈತೀನಿ."

ತುಮಕೂರಿನ ದೊಡ್ಡಾಸ್ಪತ್ರೆಯಲ್ಲಿ ಕೊಳವೆಗೆ ಊದಿಸಿ ನೋಡಿದರು. ಶ್ವಾಸಕೋಶದ ಗಾಳಿ ದಾರಿ ಕಿರಿದಾಗಿದೆ ಎಂದರು. "ಬೀಡಿ ಸೇದ್ತೀರಾ?" ಎಂದು ಕೇಳಿದರು. ಗೌರಮ್ಮನಿಗೆ ನಗು ಬಂತು. "ಸ್ನಾನದ ನೀರು ಯಾವುದ್ರಲ್ಲಿ ಕಾಯಿಸ್ತೀರಾ?" ಎಂದಾಗ ನಗು ನಿಂತಿತು.

ನಮ್ಮ ಕಡೆಯ ಬಚ್ಚಲೊಲೆ ಯಾರಿಗೆ ಗೊತ್ತಿಲ್ಲ? ಹಂಡೆಯ ಕೆಳಗೆ ತೆಂಗಿನ ಮಟ್ಟೆ, ಸೋಗೆ, ಚಿಪ್ಪು. ತೋಟದವರ ಮನೆಯಲ್ಲಿ ಸೌದೆಗೆ ಬರವಿಲ್ಲ. ಹಸಿ ಮಟ್ಟೆಯಾದರೆ ಉರಿಗಿಂತ ಹೊಗೆಯೇ ಹೆಚ್ಚು. ಬಚ್ಚಲಿಗೆ ಕಿಟಕಿ ಇಲ್ಲ. ಬೆಳಗಾಗುವ ಮುಂಚೆ ಬಗ್ಗಿ ಕೂತು ಊದುಗೊಳವೆಯಲ್ಲಿ ಊದುವವಳು ಮನೆಯ ಹೆಂಗಸು. ಬಿಸಿನೀರು ಎಲ್ಲರಿಗೆ, ಹೊಗೆ ಅವಳೊಬ್ಬಳಿಗೆ.

"ನಮ್ಮವ್ವಾನೂ ಹಂಗೇ ಉರಿ ಹಾಕ್ತಿದ್ಲು. ಏನೂ ಆಗ್ಲಿಲ್ಲ" ಎಂದ ನಂಜುಂಡಪ್ಪ, ವಾಪಸ್ಸು ಬರುವಾಗ ಬಸ್ಸಿನಲ್ಲಿ.

ಹುಚ್ಚಕ್ಕ ಹಿಂದಿನ ಸೀಟಿನಿಂದ ಮುಂದಕ್ಕೆ ಬಾಗಿದಳು. "ನಿಮ್ಮವ್ವ ಕೊನೆಗಾಲ್ದಲ್ಲಿ ಮಲಗ್ತಿದ್ಲಾ, ಕೂತ್ಕಂಡೇ ನಿದ್ದೆ ಮಾಡ್ತಿದ್ಲಾ? ನೆನಪು ಮಾಡ್ಕ."

ಗೋಡೆಗೊರಗಿ ಕೂತೇ ನಿದ್ದೆ ಮಾಡುತ್ತಿದ್ದ ಅವ್ವ ನಂಜುಂಡಪ್ಪನಿಗೆ ನೆನಪಾದಳು.

ಆ ವಾರವೇ ಹಂಡೆ ಹಿತ್ತಿಲಿಗೆ ಬಂತು, ತಗಡಿನ ಚಪ್ಪರದ ಕೆಳಗೆ. ಉರಿ ಹಾಕುವ ಕೆಲಸ ನಂಜುಂಡಪ್ಪನದಾಯಿತು, ಚೆನ್ನಾಗಿ ಒಣಗಿದ ಮಟ್ಟೆ ಮಾತ್ರ. ತೋಟಕ್ಕೆ ಊಟವನ್ನು ಅವನೇ ಬೈಕಿನಲ್ಲಿ ಒಯ್ಯುತ್ತಾನೆ. ಗೌರಮ್ಮ ಡಾಕ್ಟರು ಕೊಟ್ಟ ಇನ್‌ಹೇಲರ್ ಅನ್ನು ಸುಷ್ಮಿತಾ ಕಲಿಸಿಕೊಟ್ಟಂತೆ ಸೇದುತ್ತಾಳೆ, ದಿನವೂ ಅವರು ಹೇಳಿದಷ್ಟು ನಡೆಯುತ್ತಾಳೆ. ಒಂದು ಸಂಜೆ ಟೀ ಅಂಗಡಿಯ ಮುಂದೆ ಹೋಗುವಾಗ ಯಾರೋ 'ಕೂ' ಎಂದರು. ಗೌರಮ್ಮ ನಿಂತಳು. ಉಸಿರಿಗಾಗಿ ಅಲ್ಲ. ಒಳಗೆ ಗಂಡ ಕೂತಿದ್ದ. ಮೂರು ವರ್ಷದ್ದನ್ನೆಲ್ಲ ಸೇರಿಸಿ, ಅವನಿಗೂ ಅಲ್ಲಿದ್ದವರಿಗೂ ನಡುವೆ ಬಿಡುವು ಕೊಡದೆ ಬೈದಳು. ನಂಜುಂಡಪ್ಪ ತಲೆ ತಗ್ಗಿಸಿಕೊಂಡು ಪೂರ್ತಿ ಕೇಳಿದ. "ಬೈಲಿ ಬುಡ್ರಪ್ಪ, ಉಸ್ರು ಬಂದದೆ" ಎಂದ ಪಕ್ಕದವನಿಗೆ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಇವತ್ತೇ ನಿಮ್ಮ ಮನೆಯಲ್ಲಿ ನೋಡಿ. ಸಮನಾದ ದಾರಿಯಲ್ಲೂ ಜೊತೆಯವರಿಗಿಂತ ಹಿಂದೆ ಬೀಳುವವರು ಯಾರು? ಚಪ್ಪಲಿ ಸರಿ ಮಾಡುವ ನೆಪ, ಸೆರಗು ಸರಿ ಮಾಡುವ ನೆಪ, ಫೋನ್ ನೋಡುವ ನೆಪದಲ್ಲಿ ನಿಲ್ಲುವವರು ಯಾರು? ಅವರಿಗೆ ಹೆಸರಿಡಬೇಡಿ. ವಯಸ್ಸಾಯ್ತು, ಸೋಮಾರಿ, ಗ್ಯಾಸು ಎಂದು ನೀವೇ ತೀರ್ಪು ಕೊಡಬೇಡಿ. ಆಸ್ಪತ್ರೆಗೆ ಕರೆದುಕೊಂಡು ಹೋಗಿ. 'ನಡೆದಾಗ ಏದುಸಿರು ಬರುತ್ತೆ, ಆರು ನಿಮಿಷದ ನಡಿಗೆ ಪರೀಕ್ಷೆ ಮಾಡಿ ನೋಡ್ತೀರಾ?' ಎಂದು ಕೇಳಿ. ತೊಂದರೆ ಇರುವವರೇ ಬಾಯಿ ಬಿಟ್ಟು ಹೇಳಲಿ, ನೀವು ನಡುವೆ ಬಾಯಿ ಹಾಕಬೇಡಿ.

ಒಂದು ಎಚ್ಚರಿಕೆ. ಏದುಸಿರು ಇರುವವರನ್ನು ನೀವೇ ತೋಟದಲ್ಲಿ, ರಸ್ತೆಯಲ್ಲಿ ನಡೆಸಿ ಪರೀಕ್ಷೆ ಮಾಡಲು ಹೋಗಬೇಡಿ. ಡಾಕ್ಟರು ನೋಡಿದ ಮೇಲೆ, ಅವರು ಹೇಳಿದ ಕಡೆಯೇ ಆಗಬೇಕು. ಎದೆನೋವು ಇದ್ದರೆ, ತುಟಿ ಕಪ್ಪಾದರೆ, ಪ್ರಜ್ಞೆ ತಪ್ಪಿದರೆ ಪರೀಕ್ಷೆಯ ಮಾತೇ ಬೇಡ, ಆ ಕ್ಷಣ 108ಕ್ಕೆ ಫೋನ್ ಮಾಡಿ. ಬಚ್ಚಲಿನ ಹೊಗೆಯನ್ನು ಇವತ್ತೇ ಮನೆಯಿಂದ ಹೊರಗೆ ಹಾಕಿ.

ಮೂರು ತಿಂಗಳ ಮೇಲೆ ಅದೇ ಅಂಗಳದಲ್ಲಿ ಗೌರಮ್ಮ ಮತ್ತೆ ನಡೆದಳು. ಮುನ್ನೂರ ಹತ್ತು ಮೀಟರ್. ಎಪ್ಪತ್ತು ಮೀಟರ್ ಹೆಚ್ಚು ಸಿಕ್ಕಿತು. ಹೊಗೆ ತಿಂದ ಶ್ವಾಸಕೋಶದ ಪಾಲು ವಾಪಸ್ಸು ಬರಲಿಲ್ಲ. ಅದು ಬರುವುದೂ ಇಲ್ಲ.